‘ಮ್ಯಾಲಿನ ಮನಿ ಮಂದಿ’ ಬರೆದವಳು

ದ್ರಾಕ್ಷಾಯಿಣಿ ಧಾರವಾಡದ ಮಾಳಮಡ್ಡಿಗೆ ಬಂದಾಗ ಆಕೆಗೆ ಮೂವತ್ತೊಂದು ವರ್ಷ. ಗಂಡ ಪರಮೇಶ ಕಾಮಣಿ ಬೇನೆಯಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಗಂಡನ ಮನೆಯವರು ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಆಕೆಯೇ ಒಂದು ಟ್ರಂಕು ಹಿಡಿದು ಬಂದು ಟೈಪಿಂಗ್ ಕ್ಲಾಸೊಂದರಲ್ಲಿ ಕಲಿಸುವ ಕೆಲಸಕ್ಕೆ ಸೇರಿದಳು. ಹತ್ತಿ ವ್ಯಾಪಾರಿ ಚನ್ನಯ್ಯನವರ ಹಿತ್ತಲಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಇದು 1994ರ ಮಾತು.

ವಾರವಿಡೀ ಹನ್ನೆರಡು ಯಂತ್ರಗಳ ಸದ್ದಿನಲ್ಲಿ ದಿನ ಸರಿಯುತ್ತಿತ್ತು. ರವಿವಾರ ಮಾತ್ರ ಯಾರೊಡನೆಯೂ ಮಾತಿಲ್ಲ. ಸೋಮವಾರ ಬೆಳಿಗ್ಗೆ ಹೊಸ ಹುಡುಗಿಯರಿಗೆ ‘ಎ, ಎಸ್, ಡಿ, ಎಫ್’ ಹೇಳಿಕೊಡಲು ಬಾಯಿ ತೆರೆದರೆ ಗಂಟಲು ಕಟ್ಟಿರುತ್ತಿತ್ತು. ಶನಿವಾರ ಸಂಜೆಯ ನಂತರ ತಾನಾಡಿದ ಮೊದಲ ಮಾತು ಅದೇ ಎಂಬುದು ಆಗ ಆಕೆಗೆ ಹೊಳೆಯುತ್ತಿತ್ತು.

ಚನ್ನಯ್ಯನವರ ಹೆಂಡತಿ ಶರಣವ್ವ ಕೆಟ್ಟ ಹೆಂಗಸಲ್ಲ. ಹೋಳಿಗೆ ಮಾಡಿದ ದಿನ ನಾಲ್ಕು ಹೋಳಿಗೆ ಹಿತ್ತಲಿಗೂ ಬರುತ್ತಿದ್ದವು. ದ್ರಾಕ್ಷಾಯಿಣಿಗೆ ಜ್ವರ ಬಂದರೆ ಗಂಜಿ ಕಾಸಿ ತಾನೇ ತಂದು ಕೊಡುತ್ತಿದ್ದಳು. ಮನೆಯಲ್ಲಿ ಯಾವ ಕಾರ್ಯವಿದ್ದರೂ ತಪ್ಪದೆ ಕರೆಯುತ್ತಿದ್ದಳು. ದ್ರಾಕ್ಷಾಯಿಣಿ ಹೋಗಿ ಅಡುಗೆಮನೆಯ ಬಾಗಿಲ ಪಕ್ಕ ಕೂಡುತ್ತಿದ್ದಳು. ಅಲ್ಲೇ ಕೂಡಬೇಕೆಂದು ಯಾರೂ ಹೇಳಿರಲಿಲ್ಲ.

1999ರ ಬೇಸಿಗೆಯಲ್ಲಿ ಕುಮಾರಸ್ವಾಮಿ ಎಂಬಾತ ಕೈಬರಹದ ಕಾಗದಗಳ ಕಟ್ಟೊಂದನ್ನು ಟೈಪ್ ಮಾಡಿಸಲು ತಂದ. ಹುಬ್ಬಳ್ಳಿಯಲ್ಲಿ ಕೇಬಲ್ ಚಾನೆಲ್ ನಡೆಸುತ್ತಿದ್ದವನು. ಆ ಕಟ್ಟಿನಲ್ಲಿ ಇದ್ದದ್ದು ರವಿವಾರ ಸಂಜೆ ತೋರಿಸಬೇಕಾದ ಒಂದು ಹಾಸ್ಯ ಧಾರಾವಾಹಿ. ಬೇರೆ ಗ್ರಹದಿಂದ ಇಳಿದ ಮೂವರು ಮನುಷ್ಯರ ವೇಷ ಹಾಕಿಕೊಂಡು, ಹುಬ್ಬಳ್ಳಿಯಲ್ಲಿ ಒಬ್ಬರ ಮಾಳಿಗೆ ಮನೆಯನ್ನು ಬಾಡಿಗೆಗೆ ಹಿಡಿಯುತ್ತಾರೆ. ಹೆಸರು ‘ಮ್ಯಾಲಿನ ಮನಿ ಮಂದಿ’. ಬರೆದವನು ಆ ಮೂವರನ್ನು ಪುಟಕ್ಕೆರಡು ಸಲ ಜಾರಿಸಿ ಬೀಳಿಸಿದ್ದ, ಬೇರೆ ಏನೂ ಮಾಡಿಸಿರಲಿಲ್ಲ.

ಟೈಪ್ ಮಾಡುತ್ತ ಮಾಡುತ್ತ ಬೇಸರ ಬಂದು ದ್ರಾಕ್ಷಾಯಿಣಿ ಒಂದು ಪುಟವನ್ನು ತನಗೆ ತೋಚಿದಂತೆ ಬದಲಿಸಿಬಿಟ್ಟಳು. ಕೆಳಗಿನ ಮನೆಯ ಯಜಮಾನ ಮಾಳಿಗೆಗೆ ಬಂದು ಮಾತಾಡಿ, “ಬರ್ತೇನ್ರಿ” ಎಂದು ಹೇಳಿ ಹೋಗುತ್ತಾನೆ. ಬರುತ್ತೇನೆ ಅಂದವನಿಗಾಗಿ ಮೂವರೂ ಚಹಾ ಕಾಸಿಟ್ಟುಕೊಂಡು ಸಂಜೆಯವರೆಗೂ ಬಾಗಿಲಲ್ಲಿ ಕಾಯುತ್ತಾರೆ.

ಕುಮಾರಸ್ವಾಮಿ ಅದನ್ನು ನಿಂತಲ್ಲೇ ಓದಿ ನಕ್ಕ. ಮುಂದಿನ ವಾರದಿಂದ ನೀವೇ ಬರೆಯಿರಿ ಅಂದ. ಹೆಸರು ಹಾಕಬಾರದು ಎಂಬ ಕರಾರಿನ ಮೇಲೆ ಆಕೆ ಒಪ್ಪಿದಳು. ಬರೆಯುವವಳು ಆಕೆ ಎಂದು ಗೊತ್ತಿದ್ದದ್ದು ಅವನಿಗೆ, ಮತ್ತೆ ಸುಮಲತಾಳಿಗೆ. ಈ ಹುಡುಗಿ ದ್ರಾಕ್ಷಾಯಿಣಿಯ ಕ್ಲಾಸಿನಲ್ಲೇ ಟೈಪಿಂಗ್ ಕಲಿಯುತ್ತಿದ್ದಳು, ಧಾರಾವಾಹಿಯಲ್ಲಿ ಆ ಮೂವರಲ್ಲೊಬ್ಬಳಾದ ಮಾಳಿಗೆಯ ಹೆಂಗಸಿನ ಪಾತ್ರ ಮಾಡುತ್ತಿದ್ದಳು.

ರವಿವಾರಗಳು ತುಂಬಿಕೊಂಡವು. ದ್ರಾಕ್ಷಾಯಿಣಿ ಕೋಣೆಯಲ್ಲಿ ಕೂತು ಆ ಮೂವರ ಮಾತನ್ನು ಬಾಯಲ್ಲಿ ಆಡಿ ನೋಡಿ ಬರೆಯುತ್ತಿದ್ದಳು. ಬೀದಿಯಲ್ಲಿ ಸಿಕ್ಕವರೆಲ್ಲ ಊಟ ಆಯಿತೇ ಎಂದು ಕೇಳುತ್ತಾರೆ, ಆಗಿಲ್ಲ ಅಂದರೆ ಯಾಕೆ ಯಾರೂ ಬಡಿಸುವುದಿಲ್ಲ ಎಂದು ಅವರಲ್ಲೊಬ್ಬ ಒಂದು ಕಂತಿನ ತುಂಬ ತಲೆ ಕೆಡಿಸಿಕೊಂಡ. ಟೀವಿ ಇಲ್ಲದ್ದರಿಂದ ನೋಡುವುದಕ್ಕೆ ಆಕೆ ಶರಣವ್ವನ ಪಡಸಾಲೆಗೇ ಹೋಗಬೇಕು. ಚನ್ನಯ್ಯನವರು ನಕ್ಕು ನಕ್ಕು ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುವರು. ಯಾರಿಗೂ ಸಂಶಯ ಬರಬಾರದೆಂದು ಆಕೆ ಎಲ್ಲರಿಗಿಂತ ತುಸು ತಡವಾಗಿ ನಗುತ್ತಿದ್ದಳು.

ದಸರಾ ಮುಗಿದ ಮೇಲೆ ಶರಣವ್ವನ ಮಗಳು ಐಶ್ವರ್ಯಾಳ ಚೊಚ್ಚಲ ಬಸಿರಿನ ಕುಬಸ ಬಂತು. ಕೂತ ಮುತ್ತೈದೆಯರಿಗೆಲ್ಲ ಶರಣವ್ವ ಸಾಲಾಗಿ ಉಡಿ ತುಂಬುತ್ತ ಬಂದಳು. ಒಬ್ಬೊಬ್ಬರೂ ಸೆರಗೊಡ್ಡಿದರು, ಆಕೆ ಅಕ್ಕಿ, ಕೊಬ್ಬರಿ ಬಟ್ಟಲು, ರವಿಕೆಯ ಖಣ ಹಾಕಿದಳು. ಅಡುಗೆಮನೆಯ ಬಾಗಿಲಿಗೆ ಬಂದಾಗ ದ್ರಾಕ್ಷಾಯಿಣಿಯನ್ನು ದಾಟಿ ಆಚೆಯವಳ ಮುಂದೆ ಬಗ್ಗಿದಳು. ದಾಟುವಾಗ ನಗುತ್ತ, “ಊಟ ಮಾಡಿ ಹೋಗವಾ” ಅಂದಳು.

ಐದು ವರ್ಷದಲ್ಲಿ ಇಂಥದ್ದು ಎಷ್ಟೋ ಸಲ ಆಗಿತ್ತು. ಈ ಸಲ ಆಕೆ ಮರುದಿನ ಕ್ಲಾಸಿನಲ್ಲಿ ಯಂತ್ರಕ್ಕೆ ಕಾಗದ ಸೇರಿಸಿ, ಕೈಬರಹವಿಲ್ಲದೆ ನೇರವಾಗಿ ಟೈಪ್ ಮಾಡಿದಳು. ಕೆಳಗಿನ ಮನೆಯಲ್ಲಿ ಕುಬಸ. ಮಾಳಿಗೆಯ ಹೆಂಗಸಿಗೂ ಉಡಿ ತುಂಬುತ್ತಾರೆ. ಬಾಗಿಲ ಪಕ್ಕ ಕೂತ ಒಬ್ಬಳನ್ನು ಬಿಟ್ಟು ಮುಂದೆ ಹೋಗುತ್ತಾರೆ. ಮಾಳಿಗೆಯ ಹೆಂಗಸು ಅದನ್ನು ನೋಡಿ ಕೇಳುತ್ತಾಳೆ: “ಯಾಕ್ರಿ, ಇವರ ಸೆರಗ ಹರದೈತೇನ್ರಿ?”

ಕುಮಾರಸ್ವಾಮಿ ಕೊನೆಯ ಪುಟವನ್ನು ಎರಡನೆಯ ಸಲ ಓದಿದ.

“ಅಕ್ಕಾರ, ಇದಕ್ಕ ಯಾರ ನಗತಾರ್ರಿ?”

“ನಗೋದ ಬ್ಯಾಡ್ರಿ. ಒಮ್ಮೆ ಆಕಿ ಕೇಳಲಿ, ಸಾಕು.”

ಆ ವಾರಕ್ಕೆ ಬೇರೆ ಕಂತು ಕೈಯಲ್ಲಿರಲಿಲ್ಲ. ಅವನು ಅದನ್ನೇ ಚಿತ್ರೀಕರಿಸಿದ.

ರವಿವಾರ ಪಡಸಾಲೆಯಲ್ಲಿ ಎಂದಿನಂತೆ ಎಲ್ಲರೂ ಕೂತಿದ್ದರು. ಟೀವಿಯಲ್ಲಿ ಸುಮಲತಾ ಆ ಮಾತನ್ನು ಖರೆಯೇ ತಿಳಿಯದವಳ ಹಾಗೆ, ಮೆತ್ತಗೆ ಕೇಳಿದಳು. ಚನ್ನಯ್ಯನವರು ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಬಸುರಿ ಮಗಳು ತಾಯಿಯ ಮುಖ ನೋಡಿದಳು. ಶರಣವ್ವ ಎದ್ದು ಒಳಗೆ ಹೋದವಳು ಕಂತು ಮುಗಿಯುವವರೆಗೆ ಹೊರಗೆ ಬರಲಿಲ್ಲ.

ಮರುದಿನ ಹಿತ್ತಲಿನಲ್ಲಿ ನೀರು ತುಂಬುವಾಗ ಇಬ್ಬರೂ ಎದುರಾದರು.

“ಅದನ್ನ ನೀನ ಬರದಿದ್ದೇನವಾ?”

ದ್ರಾಕ್ಷಾಯಿಣಿ ಹೌದೆಂದಳು.

“ನನಗ ಮೊದಲ ಒಂದ ಮಾತ ಹೇಳಬೇಕಾಗಿತ್ತು.”

“ಏನಂತ ಹೇಳಲಿ ಕಾಕೂ?”

ಶರಣವ್ವ ಕೊಡ ಅರ್ಧ ತುಂಬಿರುವಾಗಲೇ ಎತ್ತಿಕೊಂಡು ಒಳಗೆ ಹೋದಳು.

ಜಗಳವೇನೂ ಆಗಲಿಲ್ಲ. ಹೋಳಿಗೆಯೂ ಬರುತ್ತಿತ್ತು. ಆದರೆ ಐಶ್ವರ್ಯಾಳ ಕೂಸಿಗೆ ಹೆಸರಿಡುವ ದಿನ ಕರೆಯಲಿಲ್ಲ. ಕರೆದರೆ ದಾಟಬೇಕು, ದಾಟದಿದ್ದರೆ ನಾಲ್ಕು ಮಂದಿ ಏನಂದಾರು. ಕರೆಯದೇ ಇರುವುದು ಶರಣವ್ವನಿಗೆ ಸುಲಭವಾಗಿ ಕಂಡಿರಬೇಕು. ದ್ರಾಕ್ಷಾಯಿಣಿ ಕೋಣೆಯಲ್ಲಿ ಕೂತು ತೊಟ್ಟಿಲ ಹಾಡು ಕೇಳಿದಳು. ಹಾಡು ಮುಗಿದ ಮೇಲೆ ಚನ್ನಯ್ಯನವರು ತಾವೇ ಬುಂದಿ ಲಾಡುವಿನ ತಾಟು ತಂದು ಹೊಸ್ತಿಲ ಮೇಲಿಟ್ಟು ಹೋದರು.

ಆಕೆ ಮತ್ತೆ ಆ ಪಡಸಾಲೆಯಲ್ಲಿ ಧಾರಾವಾಹಿ ನೋಡಲಿಲ್ಲ. ಅಷ್ಟರಲ್ಲಿ ಕುಮಾರಸ್ವಾಮಿಯ ಚಾನೆಲ್ಲೂ ದೊಡ್ಡ ಕೇಬಲಿನವರ ಪಾಲಾಗಿ ‘ಮ್ಯಾಲಿನ ಮನಿ ಮಂದಿ’ ನಿಂತಿತು. ಹಳೆಯ ಕಂತುಗಳ ಕ್ಯಾಸೆಟ್ಟುಗಳ ಮೇಲೆ ಮದುವೆಗಳ ವಿಡಿಯೊ ತುಂಬಿಸಿಕೊಂಡೆನೆಂದು ಅವನು ಸಂಕೋಚದಿಂದ ಹೇಳಿದ. ಕಂಪ್ಯೂಟರ್ ಬಂದು ಟೈಪಿಂಗ್ ಕ್ಲಾಸೂ ಮುಚ್ಚಿತು. ದ್ರಾಕ್ಷಾಯಿಣಿ ಸತ್ತೂರಿನ ಆಸ್ಪತ್ರೆಯೊಂದರಲ್ಲಿ ಕಾಗದಪತ್ರ ಟೈಪ್ ಮಾಡುವ ಕೆಲಸ ಹಿಡಿದು, ಹತ್ತಿರದಲ್ಲೇ ಕೋಣೆ ನೋಡಿಕೊಂಡಳು. ಆ ಮೂವರು ಒಂದೆರಡು ವರ್ಷ ತಲೆಯಲ್ಲಿ ಮಾತಾಡುತ್ತಿದ್ದರು, ಆಮೇಲೆ ಅವರೂ ನಿಂತರು.

2004ರಲ್ಲಿ ಚನ್ನಯ್ಯನವರಿಗೆ ಎದೆನೋವು ಬಂದು ಅದೇ ಆಸ್ಪತ್ರೆಗೆ ಸೇರಿಸಿದರು. ಶರಣವ್ವ ಹುಡುಕಿಕೊಂಡು ಬಂದಳು. ಇಬ್ಬರೂ ಕ್ಯಾಂಟೀನಿನಲ್ಲಿ ಚಹಾ ಕುಡಿದರು. ಹಿತ್ತಲ ಕೋಣೆ ಖಾಲಿ ಇರುವುದನ್ನು, ಮೊಮ್ಮಗಳು ಬಾಲವಾಡಿಗೆ ಹೋಗುವುದನ್ನು ಶರಣವ್ವ ಹೇಳಿದಳು. ಬಟ್ಟಲು ಕೆಳಗಿಟ್ಟು, ಮೇಜು ನೋಡುತ್ತ ಅಂದಳು:

“ಆವತ್ತಿಂದ ನಾ ಯಾರ ಉಡೀನೂ ತುಂಬಿಲ್ಲವಾ. ಸೊಸಿಗೆ ಹಚ್ಚಿ ಬಿಡತೇನಿ.”

“ಆಕಿ ಎಲ್ಲಾರಿಗೂ ತುಂಬತಾಳೇನ್ರಿ?”

“ಇಲ್ಲ. ನಾ ಮಾಡಿದ್ಹಂಗನ ಮಾಡತಾಳ.”

ಇದಕ್ಕೆ ಸಂತೋಷಪಡಬೇಕೋ ಬೇಡವೋ ದ್ರಾಕ್ಷಾಯಿಣಿಗೆ ತಿಳಿಯಲಿಲ್ಲ. ವಾರ್ಡಿನಿಂದ ಕರೆ ಬಂದು ಶರಣವ್ವ ಎದ್ದಳು. ಮೂರು ದಿನದ ಮೇಲೆ ಚನ್ನಯ್ಯನವರ ಡಿಸ್ಚಾರ್ಜ್ ಕಾಗದ ದ್ರಾಕ್ಷಾಯಿಣಿಯ ಮೇಜಿಗೇ ಬಂತು. ಟೈಪ್ ಮಾಡಿ, ತಪ್ಪುಗಳಿವೆಯೇ ಎಂದು ಎರಡು ಸಲ ಓದಿ, ಮೇಲಿನ ಮಹಡಿಯ ವಾರ್ಡಿಗೆ ಕಳಿಸಿದಳು. ತಾನೇ ಒಯ್ದು ಕೊಡಬಹುದಿತ್ತು. ಹೋಗಲಿಲ್ಲ.