ಅಕ್ಕನ ರಾಗಕ್ಕೊಂದು ಚಿಪ್

ಗೆಳೆಯರೇ, ವಿದೇಶದಿಂದ ತರಿಸಿದ ಸೌಂಡ್ ಚಿಪ್ಪಿನ ಮೇಲಿದ್ದ ನಂಬರು ಇವತ್ತು ನನ್ನ ಕಣ್ಣೆದುರೇ ಅಳಿಸಿಹೋಯಿತು. ವಿಜಯನಗರದ ರಿಪೇರಿ ಅಂಗಡಿಯ ಬಸವರಾಜ್ ಅದನ್ನು ಥಿನ್ನರಿನಲ್ಲಿ ಒರೆಸಿ, "ಡೂಪ್ಲಿಕೇಟ್ ಸಾರ್. ಯಾವ್ದೋ ಚಿಪ್ ಮೇಲೆ ಈ ನಂಬರ್ ಹೊಡೆದು ಮಾರಿದಾರೆ" ಎಂದರು.

ನಮ್ಮ ಮನೆಯ ಹಳೇ ಕಂಪ್ಯೂಟರಿನ ದನಿ ನಿಂತು ವರ್ಷಗಳಾದವು. ಅದರ ಚಿಪ್ ಆ ಮಾಡೆಲ್ಲಿಗೆಂದೇ ಮಾಡಿದ್ದು. ಈಗ ಯಾರೂ ತಯಾರಿಸುವುದಿಲ್ಲ. ಹೈಸ್ಕೂಲಿನಲ್ಲಿದ್ದಾಗ ಅಕ್ಕ ಅದರಲ್ಲಿ ಒಂದು ರಾಗದ ಪ್ರೋಗ್ರಾಂ ಬರೆದು, ಆಗಿನ ಪದ್ಧತಿಯಂತೆ ಕ್ಯಾಸೆಟ್ಟಿನಲ್ಲಿ ಉಳಿಸಿದ್ದಳು. ಟೇಪ್ ರೆಕಾರ್ಡರಿನಲ್ಲಿ ಹಾಕಿದರೆ ಬರೀ ಕಿರಿಕಿರಿ ಸದ್ದು; ರಾಗ ಕೇಳಬೇಕೆಂದರೆ ಆ ಕಂಪ್ಯೂಟರೇ ನುಡಿಸಬೇಕು. ಅಕ್ಕ ಈಗ ಇಲ್ಲ.

ನನ್ನ ಮುಖ ನೋಡಿ ಬಸವರಾಜ್ ಅದೇ ಮಾಡೆಲ್ಲಿನ ತಮ್ಮ ಸ್ವಂತ ಕಂಪ್ಯೂಟರಿನ ಚಿಪ್ ತೆಗೆದು, ನಾನು ಅಂಗಡಿಗೆ ತಂದಿದ್ದ ಕಂಪ್ಯೂಟರಿಗೆ ಕೂರಿಸಿದರು. "ಕೊಡಕ್ಕಾಗಲ್ಲ ಸಾರ್, ನನ್ಹತ್ರ ಇರೋದೇ ಒಂದು. ಒಂದ್ಸಲ ಕೇಳ್ಕೊಂಡು ಹೋಗಿ."

ಕ್ಯಾಸೆಟ್ ಲೋಡಾಯಿತು. ರಾಗ ಶುರುವಾಯಿತು. ನಡುವೆ ಎಲ್ಲೋ ಅಪಸ್ವರ ಬಂತು.

"ಅಯ್ಯೋ, ನನ್ ಚಿಪ್ಪೂ ಕೆಟ್ಟೋಯ್ತಾ?" ಬಸವರಾಜ್ ಗಾಬರಿಯಾದರು.

"ಇಲ್ಲ ಸಾರ್, ಚಿಪ್ ಚೆನ್ನಾಗಿದೆ. ಅಲ್ಲಿ ನಮ್ಮಕ್ಕಾನೇ ತಪ್ಪು ಮಾಡಿದ್ಲು. ಸರಿ ಮಾಡು ಅಂತ ಎಷ್ಟು ಹೇಳಿದ್ರೂ ಮಾಡ್ಲಿಲ್ಲ."

ಆಗ ಅಷ್ಟು ಜಗಳವಾಡಿದ್ದ ಅದೇ ತಪ್ಪನ್ನು ಕೇಳಲೆಂದು ಇವತ್ತು ನಾಲ್ಕು ಸಲ ಹಾಕಿಸಿದೆ.