ಕೈಗೆ ಕೊಡದ ಚೆಂಡು

ಗುಲಬರ್ಗಾದಿಂದ ಬೆಳಗಿನ ಪ್ಯಾಸೆಂಜರ್ ಗಾಡಿ ಹಿಡಿದೆ. ಹೆಗಲ ಚೀಲದಲ್ಲಿ ಒಣಗಿಸಿದ ಕಟಕ ರೊಟ್ಟಿ, ಅದರ ಜೊತೆಗೆ ಶೇಂಗಾ ಹಿಂಡಿಯ ಚಟ್ನಿಪುಡಿ, ಎರಡು ಜೊತೆ ಬಟ್ಟೆ. ಕೈಯಲ್ಲಿ ಹಳೆಯ ದಿಂಬಿನ ಚೀಲದೊಳಗೆ ತುರುಕಿದ ಬಾಲ್ ಬ್ಯಾಡ್ಮಿಂಟನ್ ಬ್ಯಾಟು. ಅದನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿಕೊಂಡು ಹೊರಟೆ ಎಂದು ಬರೆಯಲಿದ್ದೆ. ಹಾಗೇನಿಲ್ಲ. ಕುರ್ಚಿ ಹತ್ತಿ ಇಳಿಸಿದವಳು ನನ್ನ ಹೆಂಡತಿ. ನಾನು ಕುರ್ಚಿ ಅಲುಗದಂತೆ ಹಿಡಿದುಕೊಂಡಿದ್ದೆ.

ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ಮೇಲೆ ನಾನು ಮಾಡಿದ ದೊಡ್ಡ ಕೆಲಸವೆಂದರೆ ಕೂತಿದ್ದು. ಸಕ್ಕರೆ ಕಾಯಿಲೆ ಬಂತು. ಡಾಕ್ಟರು ದಿನಾ ನಡೆಯಿರಿ ಎಂದರು, ನಾನು ಹೂಂ ಎಂದೆ, ರಿಕ್ಷಾ ಹಿಡಿದು ಮನೆಗೆ ಬಂದೆ. ಹೀಗಿರುವಾಗ ಹೈದರಾಬಾದಿನಿಂದ ನೀಲಮ್ಮ ಫೋನು ಮಾಡಿದಳು. ಅವಳ ಗಂಡ ಶಂಕ್ರಪ್ಪ ನನ್ನ ಜೊತೆ ಬಾಲ್ ಬ್ಯಾಡ್ಮಿಂಟನ್ ಆಡಿ ಬೆಳೆದವನು, ಬಾಲಾನಗರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಮುಪ್ಪಾದವನು. ಮಳೆಗಾಲದ ಆರಂಭದಲ್ಲಿ ಸ್ಕೂಟರಿನಿಂದ ಬಿದ್ದು ಕಾಲಿನ ಎಲುಬು ಮುರಿದಿತ್ತು. ಎಲುಬು ಕೂಡಿತ್ತು, ಡಾಕ್ಟರು ಓಡಾಡಿ, ಬಗ್ಗಿ, ಹಗುರವಾಗಿ ಆಡಿ ಎಂದಿದ್ದರು. ಅವನು ಮಾತ್ರ ಮಂಚ ಬಿಟ್ಟು ಏಳುತ್ತಿರಲಿಲ್ಲ.

“ಕಾಲು ನೆಟ್ಟಗಾಗ್ಯಾದ ಅಣ್ಣಾರ, ಮನಸ್ಸೇ ಮುರದದ,” ಎಂದಳು ನೀಲಮ್ಮ. ಕಾಲೊನಿಯ ಕೋರ್ಟಿನಲ್ಲಿ ಅವನ ಐದನೆಯ ಜಾಗ ಖಾಲಿ ಬಿಟ್ಟು ಇಷ್ಟು ದಿನ ನಾಲ್ವರೇ ಆಡುತ್ತಿದ್ದರಂತೆ. ಇನ್ನು ಕಾಯುವುದು ಕಷ್ಟ, ಈ ಭಾನುವಾರ ಬರದಿದ್ದರೆ ಬೇರೆಯವರನ್ನು ಸೇರಿಸಿಕೊಳ್ಳುತ್ತೇವೆ ಎಂದು ಹೇಳಿಕಳಿಸಿದ್ದಾರೆ. ನೀವು ಬಂದರೆ ಏಳುತ್ತಾನೆ, ಬ್ಯಾಟು ತರುವುದು ಮರೆಯಬೇಡಿ ಎಂದಳು.

ಜನರಲ್ ಡಬ್ಬಿಯ ಟಿಕೀಟು ಅಗ್ಗ, ಸೀಟು ತುಟ್ಟಿ. ವಾಡಿಯತನಕ ನಿಂತೆ. ಆಮೇಲೆ ಚಿಂಚೋಳಿ ಕಡೆಯ ಒಬ್ಬ ಹೆಂಗಸು ತನ್ನ ಗಂಟು ಸರಿಸಿ ಜಾಗ ಮಾಡಿಕೊಟ್ಟಳು. ನನ್ನ ವಯಸ್ಸಿನವಳೇ ಇರಬೇಕು. ಮಗ ಸೊಸೆಯ ಜೊತೆ ಹೈಟೆಕ್ ಸಿಟಿಯ ಕಡೆ ಕಟ್ಟಡದ ಕೆಲಸಕ್ಕೆ ಹೊರಟಿದ್ದಳು. ಕೈಯಲ್ಲಿದ್ದುದೇನು ಎಂದು ಕೇಳಿದಳು. ಆಡುವ ಬ್ಯಾಟು, ಗೆಳೆಯನ ಜೊತೆ ಆಡಲು ಹೊರಟಿದ್ದೇನೆ ಎಂದೆ. ಅವಳು ಸೊಸೆಯ ಕಡೆ ತಿರುಗಿ ನಕ್ಕಳು. “ನೋಡವ್ವ, ಈ ಮುದುಕ ಆಡ್ಲಕ್ಕ ಹೊಂಟಾನ. ನನ್ನ ಮೊಣಕಾಲು ಹೊತ್ತು ಹೊತ್ತು ಹ್ವಾದ್ವು, ಇವಂದು ಕುಂತು ಕುಂತು.” ನಾನೂ ನಕ್ಕೆ. ತಾಂಡೂರಿನಲ್ಲಿ ಹಳಿಯ ಪಕ್ಕ ಕಲ್ಲಿನ ಹಾಸುಗಳನ್ನು ಪುಸ್ತಕದಂತೆ ನಿಲ್ಲಿಸಿದ್ದರು. ವಿಕಾರಾಬಾದಿನಲ್ಲಿ ಬುಟ್ಟಿ ಬುಟ್ಟಿ ಸೀತಾಫಲ ಬಂತು. ಅವಳೇ ಕೊಂಡು, ಒಂದನ್ನು ಒಡೆದು ನನ್ನ ಕೈಗೂ ಅರ್ಧ ಇಟ್ಟಳು. ಸಕ್ಕರೆ ಕಾಯಿಲೆ ಎನ್ನಲು ನಾಚಿ ತಿಂದೆ.

ಲಿಂಗಂಪಲ್ಲಿಯಲ್ಲಿ ಇಳಿದು ಅವರೂ ನಾನೂ ಲೋಕಲ್ ಹತ್ತಿದೆವು. ಕೊರಳಿಗೆ ಗುರುತಿನ ಪಟ್ಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ಡಬ್ಬಿ ತುಂಬಾ ಇದ್ದರು. ತೆಲುಗು, ಹಿಂದಿ, ನಡುವೆ ಒಂದು ಮಂಗಳೂರು ಕನ್ನಡ. ಹೈಟೆಕ್ ಸಿಟಿಯಲ್ಲಿ ಅವರು ಇಳಿದರು, ಚಿಂಚೋಳಿಯ ಹೆಂಗಸೂ ಇಳಿದಳು. ಗಂಟನ್ನು ತಲೆಗೆ ಎತ್ತಿಕೊಳ್ಳುವಾಗ ಯಾರ ಕೈಯನ್ನೂ ಕಾಯಲಿಲ್ಲ. ಬಂಡೆಗಳ ಹಿಂದೆ ಗಾಜಿನ ಕಟ್ಟಡಗಳು, ಅವುಗಳ ಹಿಂದೆ ಕ್ರೇನುಗಳು. ನಾನು ಭರತ್ ನಗರದಲ್ಲಿ ಇಳಿದು, ಶೇರ್ ಆಟೋದ ಸೀಟಿನ ಅಂಚಿಗೆ ಒಂದೇ ತೊಡೆ ಊರಿ ಕೂತು ಕೂಕಟ್‌ಪಲ್ಲಿ ಸೇರಿದೆ. ಬಿಸಿಲು ಇನ್ನೂ ಚುರುಕಾಗಿತ್ತು.

ಶಂಕ್ರಪ್ಪನ ಮನೆ ಮೂರನೆಯ ಮಹಡಿಯಲ್ಲಿತ್ತು. ಎರಡನೆಯದೇ ಇರಬೇಕು, ಆದರೆ ಹತ್ತುವಾಗ ಮೂರು ಅನ್ನಿಸಿತ್ತು. ಬಾಗಿಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ ನನ್ನನ್ನು ಮಂಚದ ಮೇಲಿನಿಂದಲೇ ನೋಡಿ ಅವನು, “ಯಾರನ್ನ ಎಬ್ಬಸ್ಲಕ್ಕ ಬಂದಿ ಮಾಸ್ತರ? ಮೊದಲ ನೀ ಕುಂದ್ರು,” ಎಂದ.

ದಪ್ಪಗಾಗಿದ್ದ. ಎಡಗೈಯಳತೆಯಲ್ಲಿ ನೀರಿನ ತಂಬಿಗೆ, ಬಲಗೈಯಳತೆಯಲ್ಲಿ ಟಿವಿಯ ರಿಮೋಟು, ಕನ್ನಡಕ, ಎಲೆಯಡಿಕೆ ಡಬ್ಬಿ. ನೆಲಕ್ಕೆ ಏನಾದರೂ ಬಿದ್ದರೆ ನೀಲಮ್ಮನ ಹೆಸರು ಕೂಗುತ್ತಿದ್ದ. ಅವಳು ಬಂದು ಎತ್ತಿ ಕೊಡುತ್ತಿದ್ದಳು. ಊಟ ಮಾಡುತ್ತಾ, ನಾವಿಬ್ಬರೂ ಹರೆಯದಲ್ಲಿ ಆಡಿದ ಶಹಾಬಾದಿನ ಪಂದ್ಯದ ಮಾತು ಬಂತು. ಕೊನೆಯ ಪಾಯಿಂಟು ತಾನು ಹೊಡೆದದ್ದು ಎಂದ ಅವನು. ನಾನು ಹೊಡೆದದ್ದು ನನಗೆ ಸ್ಪಷ್ಟವಾಗಿ ಕಾಣುತ್ತದೆ, ಚೆಂಡಿನ ಹಳದಿ ಬಣ್ಣ ಸಮೇತ. ಇಬ್ಬರೂ ಸೋತಿರಬೇಕು, ಅದಕ್ಕೇ ಇಷ್ಟು ಚೆನ್ನಾಗಿ ನೆನಪಿದೆ ಎಂದಳು ನೀಲಮ್ಮ. ಕೊನೆಗೆ ಅವನು ಒಪ್ಪಿದ: ನಾಳೆ ಶನಿವಾರ ಕೆಳಗೆ ಇಳಿಯುತ್ತೇನೆ, ಬರೀ ನಿಂತು ನೋಡುತ್ತೇನೆ.

ಬಾಲ್ ಬ್ಯಾಡ್ಮಿಂಟನ್ ಆಡದವರಿಗೆ ಒಂದು ಮಾತು ಹೇಳಬೇಕು. ಒಂದು ಪಕ್ಷಕ್ಕೆ ಐವರು. ಇದರ ಚೆಂಡು ಹಳದಿ ಉಣ್ಣೆಯದು, ಒಂದು ದೊಡ್ಡ ನಿಂಬೆಹಣ್ಣಿನಷ್ಟು. ಅದು ಪುಟಿಯುವುದಿಲ್ಲ. ನೆಲ ಮುಟ್ಟಿತೆಂದರೆ ಪಾಯಿಂಟು ಮುಗಿಯಿತು. ಯಾರಾದರೊಬ್ಬರು ಬಗ್ಗಿ ಎತ್ತಬೇಕು. ಆಡುವುದಕ್ಕಿಂತ ಬಗ್ಗುವುದೇ ಹೆಚ್ಚು.

ಕೋರ್ಟು ಕಾಲೊನಿಯ ನೀರಿನ ಟ್ಯಾಂಕಿನ ಹಿಂದಿತ್ತು. ಬೆಳಗಿನ ತಂಪಿನಲ್ಲಿ ಸುಣ್ಣದ ಗೆರೆ ಆಗತಾನೇ ಎಳೆದಿದ್ದರು. ಎಲ್ಲರೂ ಅರವತ್ತು ದಾಟಿದವರು. ಇಬ್ಬರ ಹೆಸರು ಹೇಳಿದರೆ ಸಾಕು: ಸಿಟಿ ಬಸ್ಸು ಓಡಿಸಿ ನಿವೃತ್ತರಾದ ಯಾದಗಿರಿ, ಬೇಗಂ ಬಜಾರಿನ ಮಸಾಲೆ ಅಂಗಡಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟ ಖಾಜಾ ಸಾಬರು. ಶಂಕ್ರಪ್ಪ ನೀಲಮ್ಮನ ಭುಜ ಹಿಡಿದು ಬಂದ. ಯಾರೂ ಕಾಲಿನ ಬಗ್ಗೆ ಕೇಳಲಿಲ್ಲ. ಯಾದಗಿರಿ ಅವನ ಕೈಗೆ ಬ್ಯಾಟು ಕೊಟ್ಟು, ಖಾಲಿ ಇದ್ದ ನಡುವಿನ ಜಾಗ ತೋರಿಸಿದರು. ನೋಡಲು ಬಂದವನು ಹೋಗಿ ನಿಂತ. ಎದುರು ಪಕ್ಷದ ಒಬ್ಬರು ನನಗೆ ತಮ್ಮ ಜಾಗ ಬಿಟ್ಟುಕೊಟ್ಟರು.

ಮೊದಲ ಚೆಂಡುಗಳು ಅವನ ಕಡೆ ಹೋಗಲಿಲ್ಲ. ಆಮೇಲೊಂದು ಹೋಯಿತು. ಅವನು ಬ್ಯಾಟು ಬೀಸಿದ, ತಪ್ಪಿತು, ಚೆಂಡು ಅವನ ಪಾದದ ಪಕ್ಕ ಬಿತ್ತು. ಎಲ್ಲರೂ ನಿಂತರು. ಅವನು ಚೆಂಡನ್ನೇ ನೋಡುತ್ತಿದ್ದ. ಆ ನಿಲುಗಡೆ ಎಷ್ಟು ಹೊತ್ತಿತ್ತೋ ಗೊತ್ತಿಲ್ಲ, ಬರೆಯುವಾಗ ಉದ್ದವಾಗುತ್ತಿದೆ. ಅಷ್ಟು ಜನ ಸುಮ್ಮನೆ ನೋಡುತ್ತಾ ನಿಂತದ್ದು ನನಗೆ ಕ್ರೂರವಾಗಿ ಕಂಡಿತು. ಬಲೆಯ ಕೆಳಗೆ ನುಸುಳಿ ಹೋಗಿ, ಚೆಂಡು ಎತ್ತಿ, ಅವನ ಕೈಯಲ್ಲಿಟ್ಟೆ.

ಖಾಜಾ ಸಾಬರು ಕಣ್ಣು ಮುಚ್ಚಿಕೊಂಡರು. ಶಂಕ್ರಪ್ಪ ಬ್ಯಾಟನ್ನು ಬಲೆಯ ಕಂಬಕ್ಕೆ ಒರಗಿಸಿ, ಚೆಂಡನ್ನು ಕೈಯಲ್ಲೇ ಹಿಡಿದುಕೊಂಡು, ನೀಲಮ್ಮನ ಭುಜವನ್ನೂ ಹಿಡಿಯದೆ ಕುಂಟುತ್ತಾ ಮನೆಗೆ ಹೋಗಿಬಿಟ್ಟ.

“ಕೈಕು ಉಠಾಯೆ ಮಾಸ್ಟರ್ ಸಾಬ್?” ಯಾಕೆ ಎತ್ತಿದಿರಿ ಎಂದು ಖಾಜಾ ಸಾಬರು ಮೆಲ್ಲಗೆ ಕೇಳಿದರು. ಅಲ್ಲಿನ ಕಟ್ಟಳೆ ಹೀಗಿತ್ತು: ಯಾರ ಕಾಲ ಬಳಿ ಚೆಂಡು ಬೀಳುತ್ತದೋ ಅವರೇ ಬಗ್ಗಿ ಎತ್ತಬೇಕು. ಎಷ್ಟು ಹೊತ್ತಾದರೂ ಉಳಿದವರು ಕಾಯುತ್ತಾರೆ, ಎತ್ತಿ ಕೊಡುವುದಿಲ್ಲ. ಒಬ್ಬರು ಇನ್ನು ಆಡುವುದಿಲ್ಲ ಎಂದು ಶಾಶ್ವತವಾಗಿ ಬಿಡುವ ದಿನ ಮಾತ್ರ, ಗೆಳೆಯರಲ್ಲಿ ಒಬ್ಬರು ಚೆಂಡು ಎತ್ತಿ ಅವರ ಕೈಯಲ್ಲಿಡುತ್ತಾರೆ. ಅದನ್ನು ಅವರು ಮನೆಗೆ ಒಯ್ಯುತ್ತಾರೆ. ಎಲ್ಲರೂ ಚಹಾ ಕುಡಿಯುತ್ತಾರೆ. ಅದು ಬೀಳ್ಕೊಡುಗೆ. ಅಷ್ಟು ದೂರದಿಂದ ಬಂದು ನಾನು ಅವನಿಗೆ ಅದನ್ನು ಕೊಟ್ಟಿದ್ದೆ.

ಒಯ್ದ ಚೆಂಡನ್ನು ವಾಪಸ್ ತರಬಹುದೇ ಎಂದು ಕೇಳಿದೆ. ಖಾಜಾ ಸಾಬರು ಯಾದಗಿರಿಯ ಮುಖ ನೋಡಿದರು. ಈತನಕ ಯಾರೂ ತಂದಿಲ್ಲ, ತರಬಾರದು ಅಂತಲೂ ಯಾರೂ ಹೇಳಿಲ್ಲ ಎಂದರು ಯಾದಗಿರಿ.

ಮನೆಯಲ್ಲಿ ನೀಲಮ್ಮ ನನಗೆ ಚಹಾ ಕೊಟ್ಟಳು, ಸಕ್ಕರೆ ಹಾಕದೆ. ಲೋಟ ತೆಗೆದುಕೊಳ್ಳಲು ಬಂದಾಗ ಹೇಳಿದಳು. “ಎಬ್ಬಸ್ಲಕ್ಕ ಅಂತ ಕರ್ಸಿದೆ. ನೀವು ಪೂರಾ ಕುಂದ್ರಿಸಿ ಬಂದ್ರಿ ಅಣ್ಣಾರ.” ಲೋಟ ಎತ್ತಿಕೊಂಡು, “ನಂದೇನು ಕಮ್ಮಿ ಇಲ್ಲ ಬಿಡ್ರಿ. ಮಳಿಗಾಲದಿಂದ ಅವ್ರಿಗಿ ಎಲ್ಲಾ ನಾನೇ ಎತ್ತಿ ಎತ್ತಿ ಕೊಡ್ಲಕತ್ತೀನಿ,” ಎಂದಳು. ಆಮೇಲೆ ಒಳಗೆ ಹೋಗಿ ಮಂಚದ ಪಕ್ಕದ ತಂಬಿಗೆ, ರಿಮೋಟು, ಎಲೆಯಡಿಕೆ ಡಬ್ಬಿ ಎಲ್ಲವನ್ನೂ ಒಂದೊಂದಾಗಿ ನೆಲಕ್ಕೆ ಇಳಿಸಿದಳು. ಶಂಕ್ರಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ.

ಮುಖ ತಪ್ಪಿಸಿಕೊಳ್ಳಲು ನಾನು ಬಸ್ಸು ಹತ್ತಿ ಬೇಗಂ ಬಜಾರಿಗೆ ಹೋದೆ. ಕೈಗಾಡಿಗಳ ನಡುವೆ ಅಡ್ಡಾದಿಡ್ಡಿ ನಡೆದು, ಬೇಕಿಲ್ಲದ ಒಂದು ಹಿತ್ತಾಳೆ ಸೌಟು ಕೊಂಡು, ಬೆವರಿ ಬಂದೆ. ಹಿಂತಿರುಗಿ ಮಹಡಿ ಹತ್ತುವಾಗ ನಡುವೆ ಒಂದೇ ಸಲ ನಿಂತೆ. ಮನೆಯೊಳಗೆ ಮಧ್ಯಾಹ್ನದ ಮಂಪರು. ನೀಲಮ್ಮ ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಒಳಕೋಣೆಯಿಂದ ಮೆತ್ತನೆಯ ಸದ್ದೊಂದು ಬಂತು. ಉಣ್ಣೆ ನೆಲಕ್ಕೆ ಬಿದ್ದ ಸದ್ದು. ಆಮೇಲೆ ಮಂಚದ ಕಿರುಗುಟ್ಟು, ದೊಡ್ಡ ಉಸಿರು. ಮತ್ತೆ ಆ ಸದ್ದು.

ಬಾಗಿಲ ಸಂದಿಯಿಂದ ನೋಡಿದೆ. ಒಂದು ಕೈಯಲ್ಲಿ ಮಂಚದ ಪಟ್ಟಿ ಹಿಡಿದು ಅವನು ನೆಟ್ಟಗಾಗುತ್ತಿದ್ದ. ಇನ್ನೊಂದು ಕೈ ನನಗೆ ಕಾಣಲಿಲ್ಲ. ಅದರಲ್ಲಿ ಚೆಂಡು ಇತ್ತೆಂದು ನೀಲಮ್ಮ ಹೇಳುತ್ತಾಳೆ. ಅವಳು ನಿಂತ ಜಾಗದಿಂದ ಕಾಣುವುದು ಸಾಧ್ಯವಿರಲಿಲ್ಲ. ಆ ರಾತ್ರಿ ಊಟಕ್ಕೆ ಅವನು ಮಂಚ ಬಿಟ್ಟು ನಮ್ಮ ಜೊತೆ ಬಂದು ಕೂತ. ನನ್ನ ಜೊತೆ ಮಾತಾಡಲಿಲ್ಲ, ಆದರೆ ನಾನು ತಂದ ಹಿಂಡಿಯನ್ನು ಎರಡು ಸಲ ಹಾಕಿಸಿಕೊಂಡ.

ಭಾನುವಾರ ಅವನು ನಮಗಿಂತ ಮೊದಲು ಎದ್ದು ಚಪ್ಪಲಿ ಹುಡುಕುತ್ತಿದ್ದ. ಎಲ್ಲಿದೆ ಎಂದು ಕಂಡರೂ ನೀಲಮ್ಮ ಹೇಳಲಿಲ್ಲ. ಮೆಟ್ಟಿಲುಗಳನ್ನು ಕಂಬಿ ಹಿಡಿದು ಇಳಿದ, ನಾವಿಬ್ಬರೂ ಹಿಂದೆ. ಕೋರ್ಟಿನಲ್ಲಿ ಎಲ್ಲರೂ ಬಂದಿದ್ದರು. ಶಂಕ್ರಪ್ಪ ಕಂಬದ ಬಳಿಯ ಬ್ಯಾಟು ತೆಗೆದುಕೊಂಡು ನಡುವಿನ ಜಾಗಕ್ಕೆ ಹೋದ. ಜೇಬಿನಿಂದ ಚೆಂಡು ತೆಗೆದು ತನ್ನ ಕಾಲ ಮುಂದೆ ಬೀಳಿಸಿದ.

ಅದು ಬಿದ್ದಲ್ಲೇ ನಿಂತಿತು. ಅವನು ಮುರಿದಿದ್ದ ಕಾಲನ್ನು ಹಿಂದೆ ಸರಿಸಿದ, ಎಡಗೈಯನ್ನು ಇನ್ನೊಂದು ಮಂಡಿಯ ಮೇಲೆ ಊರಿದ, ಬಗ್ಗಿದ. ಅರ್ಧಕ್ಕೆ ನಿಂತ. ನೀಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನನ್ನ ಕೈ ಮುಂದಕ್ಕೆ ಹೋಗದಂತೆ ನಾನು ಬ್ಯಾಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆರಳುಗಳು ಸುಣ್ಣದ ಗೆರೆ ಮುಟ್ಟಿದವು, ಗೆರೆಯ ಮೇಲೆ ತಡಕಾಡಿದವು, ಉಣ್ಣೆಯನ್ನು ಹಿಡಿದವು. ಅವನು ಎದ್ದಾಗ ಮುಖ ಕೆಂಪಾಗಿತ್ತು, ಬೆರಳ ತುದಿ ಬೆಳ್ಳಗಾಗಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾದಗಿರಿ ತಮ್ಮ ಜಾಗಕ್ಕೆ ಹೋಗಿ ನಿಂತು, “ಸರ್ವೀಸ್ ಎವರಿದಿ?” ಎಂದರು. ಸರ್ವಿಸ್ ಯಾರದು ಎಂದಷ್ಟೇ. ಶಂಕ್ರಪ್ಪ ತನ್ನದು ಎಂದ. ಅವನದಾಗಿರಲಿಲ್ಲ; ಯಾರೂ ವಾದಿಸಲಿಲ್ಲ.

ಅವನು ಓಡಲಿಲ್ಲ. ನಿಂತಲ್ಲೇ ತಲುಪಿದ್ದನ್ನು ಹೊಡೆದ, ತಲುಪದ್ದನ್ನು ಬಿಟ್ಟ, ಕಾಲ ಬಳಿ ಬಿದ್ದದ್ದನ್ನು ಗೊಣಗುತ್ತಾ ಎತ್ತಿದ. ಅವನ ಒಂದು ಹೊಡೆತ ನನ್ನ ಬ್ಯಾಟಿನ ಅಂಚಿಗೆ ತಾಗಿ ನನ್ನ ಕಾಲ ಹಿಂದೆ ಬಿತ್ತು. ಎಲ್ಲರೂ ನಿಂತು ನನ್ನನ್ನೇ ನೋಡಿದರು. ಹಿಂದಿನ ದಿನ ಬೇರೆಯವರ ಚೆಂಡಿಗೆ ಅಷ್ಟು ಸಲೀಸಾಗಿ ಬಗ್ಗಿದ ಸೊಂಟ ಈಗ ಆಟದ ನಡುವೆ ಹಿಡಿದುಕೊಂಡಿತು. “ಲಗು ಎತ್ತು ಮಾಸ್ತರ, ಚಾ ಆರ್ಲಕತ್ತದ,” ಎಂದ ಶಂಕ್ರಪ್ಪ. ನಾನು ಚೆಂಡು ಎತ್ತಿಕೊಟ್ಟ ಮೇಲೆ ಅವನು ನನಗೆ ಆಡಿದ ಮೊದಲ ಮಾತು ಅದು. ಮೆಲ್ಲಗೆ ಬಗ್ಗಿದೆ. ಅಂದು ಯಾರು ಗೆದ್ದರೋ ನೆನಪಿಲ್ಲ. ಅವನನ್ನು ಕೇಳಿದರೆ ತಾನೇ ಅನ್ನುತ್ತಾನೆ.

ಮಧ್ಯಾಹ್ನದ ಮೇಲೆ ಹೊರಟೆ. ಬೇಡವೆಂದರೂ ಇಬ್ಬರೂ ಭರತ್ ನಗರದ ನಿಲ್ದಾಣದತನಕ ಬಂದರು. ಮೇಲ್ಸೇತುವೆಯ ಮೆಟ್ಟಿಲಲ್ಲಿ ಅವನೂ ನಾನೂ ಒಬ್ಬರನ್ನೊಬ್ಬರು ನೋಡದೆ, ಒಂದೇ ಕಡೆ ಉಸಿರಿಗೆ ನಿಂತೆವು. ನೀಲಮ್ಮ ಆಗಲೇ ಆಚೆ ಇಳಿದು, ಬೆಂಚು ಹಿಡಿದು ಕೂತಿದ್ದಳು. ದಿನಾ ಆಡಲು ಗುಲಬರ್ಗಾದಲ್ಲಿ ಯಾರಿದ್ದಾರೆ ಎಂದು ಶಂಕ್ರಪ್ಪ ಕೇಳಿದ. ಯಾರೂ ಇಲ್ಲ ಎಂದೆ. “ಹುಡುಕು. ನಾಕ ಮಂದಿ ಸಿಕ್ಕ್ರ ಸಾಕು, ಐದನೇದು ನೀ ಇದ್ದಿ,” ಎಂದ.

ಲೋಕಲ್ ಬರುವುದು ಕಂಡಿತು. ಅವನು ಜೇಬಿಗೆ ಕೈ ಹಾಕಿ ಹಳದಿ ಚೆಂಡು ತೆಗೆದ. ನಾನು ಕೈ ಚಾಚಿದೆ. ಅವನು ನನ್ನ ಕೈಯನ್ನು ನೋಡಿದ, ಚೆಂಡನ್ನು ನೋಡಿದ; ಆಮೇಲೆ ಅದನ್ನು ನನ್ನ ಕಾಲ ಬಳಿ, ಪ್ಲಾಟ್‌ಫಾರಮ್ಮಿನ ಕಲ್ಲಿನ ಮೇಲೆ ಬೀಳಿಸಿದ. ಗಾಡಿ ಬಂದು ನಿಂತಿತು. ಜನ ಇಳಿದರು, ಹತ್ತಿದರು, ನಮ್ಮಿಬ್ಬರನ್ನು ಸುತ್ತಿ ಹೋದರು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾಯುತ್ತಾ ನಿಂತಿದ್ದ. ನಾನು ಚೀಲವನ್ನು ಕೆಳಗಿಟ್ಟು, ಮಂಡಿಯ ಮೇಲೆ ಕೈಯೂರಿ, ಬಗ್ಗಿದೆ.