ಅಮಾವಾಸ್ಯೆಯ ಕೆಮ್ಮು

ನನ್ನ ಹೆಂಡತಿ ಮೇಘಾ ಡಾಕ್ಟರು. ಆದರೆ ಅವಳ ಕೊರಳಲ್ಲಿ ಸ್ಟೆತೊಸ್ಕೋಪ್ ಕಂಡವರು ಯಾರೂ ಇಲ್ಲ. ಹಾವೇರಿಯ ಕಚೇರಿಯಲ್ಲಿ ಕೂತು, ಜಿಲ್ಲೆಯ ಯಾವ ಊರಿನಲ್ಲಿ ವಾಂತಿಭೇದಿ, ಎಲ್ಲಿ ಡೆಂಗಿ, ಯಾವ ಓಣಿಯಲ್ಲಿ ನಾಯಿ ಹುಚ್ಚೆದ್ದಿದೆ ಎಂದು ನೋಡುತ್ತಿರುವುದು, ಏನಾದರೂ ವಿಚಿತ್ರ ಕಂಡರೆ ಅತ್ತ ಓಡುವುದು, ಇಷ್ಟು ಅವಳ ಕೆಲಸ. ಸರ್ಕಾರ ಇದಕ್ಕೆ ಸಾಂಕ್ರಾಮಿಕ ರೋಗ ತಜ್ಞೆ ಎಂದು ದೊಡ್ಡ ಹೆಸರಿಟ್ಟಿದೆ. ಬ್ಯಾಡಗಿಯಲ್ಲಿರುವ ನನ್ನ ಅವ್ವ ಮೈಲವ್ವ ಮಾತ್ರ ಮದುವೆಯಾದ ಹೊಸತರಲ್ಲೇ ಸೊಸೆಯನ್ನು ಅಳೆದುಬಿಟ್ಟಿದ್ದಳು. ಗುಳಿಗೆ ಕೊಡೋದಿಲ್ಲ, ಸೂಜಿ ಮಾಡೋದಿಲ್ಲ, ಬರೇ ಪ್ರಶ್ನೆ ಕೇಳೋ ಡಾಕ್ಟರು ಅಂತ.

ಇಂಥವಳನ್ನು ಕಟ್ಟಿಕೊಂಡು ಸಂಸಾರ ಮಾಡುವುದು ಸುಲಭವಲ್ಲ ಎಂದು ಹೇಳಲು ನನಗೆ ಸಂಕೋಚವಿಲ್ಲ. ಐರಣಿಯಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ. ಎಲ್ಲ ಹೆಂಗಸರು ಮದುಮಗಳ ಬಂಗಾರ ನೋಡುತ್ತಿದ್ದರೆ ಇವಳು ಪೆಂಡಾಲಿನ ಹಿಂದೆ ನಿಂತು ಟ್ಯಾಂಕರಿನ ನೀರು ಎಲ್ಲಿಂದ ಬಂತು ಎಂದು ಡ್ರೈವರನನ್ನು ವಿಚಾರಿಸುತ್ತಿದ್ದಳು. ಗಳಗನಾಥದ ಗುಡಿಗೆ ಹೋದೆವು. ದೇವರಿಗೆ ಕೈಮುಗಿದದ್ದು ಅರೆಗಳಿಗೆ, ಹಿಂದಿನ ಓಣಿಯ ಡ್ರಮ್ಮುಗಳಲ್ಲಿ ಸೊಳ್ಳೆಯ ಮರಿ ಹುಡುಕಿದ್ದು ಮಧ್ಯಾಹ್ನದವರೆಗೆ. ನನ್ನದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ರೈತರು ಹತ್ತಿಬೀಜ ಕೇಳುತ್ತ ಬಂದಾಗ ಅವಳು ಅಂಗಡಿಯಲ್ಲಿದ್ದರೆ, ಊರಾಗ ಜ್ವರ ಎಷ್ಟು ಮಂದಿಗೆ ಐತ್ರಿ ಎಂದು ಕೇಳಿ ನನ್ನ ಗಿರಾಕಿಗಳನ್ನು ಹೆದರಿಸುತ್ತಾಳೆ.

ಈ ವರ್ಷ ಸಂಕ್ರಾಂತಿ ಮುಗಿದ ಮೇಲೆ ಅವಳ ತಲೆಯೊಳಗೆ ಬ್ಯಾಡಗಿ ಹೊಕ್ಕಿತು. ಊಟಕ್ಕೆ ಕೂತಾಗ ಹೇಳಿದಳು: ಬೇರೆ ತಾಲ್ಲೂಕುಗಳಲ್ಲಿ ವರ್ಷವಿಡೀ ಕ್ಷಯದ ಪರೀಕ್ಷೆಗೆ ಕಫ ಬರುತ್ತದೆ. ಬ್ಯಾಡಗಿಯಿಂದ ಮಾತ್ರ ಮೆಣಸಿನಕಾಯಿ ಸುಗ್ಗಿ ಶುರುವಾದ ಕೂಡಲೇ ನಿಂತೇ ಹೋಗುತ್ತದೆ. ಮತ್ತೆ ಮಳೆಗಾಲದಲ್ಲಿ ಬರುವವರು ಎದ್ದು ನಿಲ್ಲಲಾರದಷ್ಟು ಸೊರಗಿ ಬರುತ್ತಾರೆ. ನನಗೆ ನಗು ಬಂತು. ಸುಗ್ಗಿಯಲ್ಲಿ ಬ್ಯಾಡಗಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದವನು ಮೊದಲು ಸೀನುತ್ತಾನೆ, ಆಮೇಲೆ ಕೆಮ್ಮುತ್ತಾನೆ, ಆಮೇಲೆ ರಿಕ್ಷಾ ಕರೆಯುತ್ತಾನೆ. ಊರಿಗೆ ಊರೇ ಕೆಮ್ಮುವಾಗ ಯಾರು ದವಾಖಾನೆಗೆ ಹೋಗುತ್ತಾರೆ ಎಂದೆ. ಅವಳು ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ಅದನ್ನೇ ನಾನೂ ಹೇಳುತ್ತಿರುವುದು ಎಂದಳು.

ಮರುದಿನವೇ ಅವಳು ಹೋದದ್ದು, ಬೇರೆಲ್ಲೂ ಅಲ್ಲ, ನಮ್ಮ ಅವ್ವನ ಶೆಡ್ಡಿಗೆ. ಅವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಗ್ಯಾಂಗಿಗೆ ಮುಖ್ಯಸ್ಥೆ. ನನ್ನನ್ನು ಓದಿಸಿದ್ದು ಅದೇ ಕೆಲಸದಿಂದ. ಈಗ ಬಿಡು ಅಂದರೆ, ನಿನ್ನ ಅಂಗಡಿ ಮುಚ್ಚಿದರ ಎಲ್ಲಿಗೆ ಹೋಗೋದು ಎಂದು ನನ್ನ ಬಾಯಿ ಮುಚ್ಚಿಸುತ್ತಾಳೆ. ಶೆಡ್ಡು ವ್ಯಾಪಾರಿ ಮುಸ್ತಾಕನದು. ಯಾರಿಗಾದರೂ ಬಹಳ ದಿನದಿಂದ ಕೆಮ್ಮು ಇದೆಯಾ ಎಂದು ಮೇಘಾ ಕೇಳಿದರೆ, ಹೆಂಗಸರೆಲ್ಲ ಕೆಮ್ಮುತ್ತಲೇ, ಇಲ್ಲ ಎಂದರಂತೆ. ಅವ್ವ ಸೊಸೆಯನ್ನು ಹೊರಗೆ ಕರೆದುಕೊಂಡು ಬಂದು ಮಾತು ಮುಗಿಸಿದಳು. ಹಿಂದೊಮ್ಮೆ ಪಕ್ಕದ ಗ್ಯಾಂಗಿನಲ್ಲಿ ಒಬ್ಬಳಿಗೆ ಟಿಬಿ ಎಂದು ಸುದ್ದಿಯಾಗಿ, ಆ ಸುಗ್ಗಿ ಪೂರ್ತಿ ಆ ಹೆಂಗಸರನ್ನು ಯಾವ ವ್ಯಾಪಾರಿಯೂ ಕೆಲಸಕ್ಕೆ ಕರೆಯಲಿಲ್ಲ. ಮಳೆಗಾಲದವರೆಗೆ ಈ ಹೆಂಗಸರ ಮನೆಯ ಒಲೆ ಉರಿಯುವುದು ಈ ಸುಗ್ಗಿಯ ಕೂಲಿಯಿಂದಲೇ.

"ನನ್ನ ಹೆಣ್ಣಮಕ್ಕಳ ಹೊಟ್ಟಿ ಮ್ಯಾಲೆ ಹೊಡೀಬ್ಯಾಡವಾ," ಎಂದಳಂತೆ ಅವ್ವ.

ಅಲ್ಲಿಂದ ಅತ್ತೆ ಸೊಸೆ ಮಾತು ಬಿಟ್ಟರು. ಮಾತು ಬಿಟ್ಟದ್ದು ಅವರು, ಪಾಡುಪಟ್ಟದ್ದು ನಾನು. ಹಪ್ಪಳ ಕಳಿಸಿದ್ದು ಮುಟ್ಟಿತಾ ಎಂದು ಆಕೆಗೆ ಕೇಳು ಎಂದು ಇವಳು, ಮುಟ್ಟಿತು ಎಂದು ಆಕೆಗೆ ಹೇಳು ಎಂದು ಅವಳು. ಅಂಗಡಿಯಲ್ಲಿ ಬೀಜ ತೂಗುವುದೋ, ಇವರ ಫೋನು ಹೊರುವುದೋ ತಿಳಿಯದಾಯಿತು.

ಶಿವರಾತ್ರಿಗೆ ಇಬ್ಬರನ್ನೂ ಒಂದು ಮಾಡೋಣ ಎಂದು ಮೇಘಾಳನ್ನು ಬ್ಯಾಡಗಿಗೆ ಎಳೆದುಕೊಂಡು ಹೋದೆ. ಉಪವಾಸದ ದಿನ ಖರ್ಜೂರ, ಕಲ್ಲಂಗಡಿ ತಿನ್ನುತ್ತ ಮುಖ ನೋಡದೆಯೇ ಕಳೆದರು. ಮರುದಿನ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ, ಶಿವರಾತ್ರಿಗೆ ಮುಚ್ಚಿದ ಮೆಣಸಿನಕಾಯಿ ಪೇಟೆ ಅಂದೂ ತೆರೆಯುವುದಿಲ್ಲ, ಮುಸ್ತಾಕನೂ ಶೆಡ್ಡಿನ ಬೀಗ ತೆಗೆಯುವುದಿಲ್ಲ. ಬೆಳಿಗ್ಗೆ ಮೇಘಾ ಚಹಾದ ಲೋಟ ಹಿಡಿದು ಮಾಳಿಗೆಯ ಮೇಲೆ ಸುಮ್ಮನೆ ನಿಂತಿದ್ದಳು. ಏನು ನೋಡುತ್ತೀ ಎಂದು ಕೇಳಿದೆ. ನೋಡುತ್ತಿಲ್ಲ, ಕೇಳುತ್ತಿದ್ದೇನೆ ಎಂದಳು. ನಾನೂ ಕಿವಿಗೊಟ್ಟೆ. ಏನೂ ಇರಲಿಲ್ಲ. ಎರಡು ದಿನ ಘಾಟು ಇಲ್ಲದ ಓಣಿ ಕೆಮ್ಮುವುದನ್ನು ಬಿಟ್ಟಿತ್ತು. ಹುಟ್ಟಿ ಬೆಳೆದ ಓಣಿ, ಸುಗ್ಗಿಯಲ್ಲಿ ಅದು ಹೀಗೆ ತೆಪ್ಪಗಿರುವುದನ್ನು ನಾನು ಗಮನಿಸಿಯೇ ಇರಲಿಲ್ಲ.

"ಇವತ್ತ ಯಾರು ಕೆಮ್ಮತಾರ, ಅವರದು ಮೆಣಸಿನಕಾಯಿ ಕೆಮ್ಮು ಅಲ್ಲರಿ," ಎಂದಳು ಮೇಘಾ. ಅವಳ ಮುಖದಲ್ಲಿ ಲಾಟರಿ ಹೊಡೆದವರ ಕಳೆ ಇತ್ತು.

ಓಣಿಗೆ ಹೊರಟೇಬಿಡಬೇಕೆಂದು ಚಪ್ಪಲಿಗೆ ಕಾಲು ತೂರಿಸಿದ್ದಳು. ಆಗ ಕೆಮ್ಮು ಕೇಳಿಸಿತು. ಒಂದು, ಅದರ ಬೆನ್ನಿಗೆ ಇನ್ನೊಂದು, ಆಮೇಲೆ ಉಸಿರು ಸಿಗದ ಹಾಗೆ. ನಮ್ಮದೇ ಅಡುಗೆಮನೆಯಿಂದ.

ಮೇಘಾ ಒಳಗೆ ಹೋದಳು, ಹಿಂದೆ ನಾನು. ಅವ್ವ ಹೋಳಿಗೆಯ ಹೂರಣ ಬಿಟ್ಟು ಗೋಡೆ ಹಿಡಿದು ನಿಂತಿದ್ದಳು. ನಮ್ಮನ್ನು ಕಂಡು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಘಾಟಿಗೆ ಹಂಗ ಆಕ್ಕೈತಿ," ಎಂದಳು.

"ಅತ್ತಿ, ಇವತ್ತ ಅಮಾಸಿ ರೀ," ಎಂದಳು ಮೇಘಾ.

ಅವ್ವ ಮೆಲ್ಲಗೆ ಕೆಳಗೆ ಕುಳಿತಳು. ಅವಳ ಕುಬಸ ತೋಳಿನಲ್ಲಿ ಎಷ್ಟು ಸಡಿಲಾಗಿತ್ತೆಂದು ನಾನು ಆಗ ಕಂಡೆ. ಕೆಮ್ಮು ದೀಪಾವಳಿಯಿಂದಲೂ ಇತ್ತಂತೆ. ಗ್ಯಾಂಗಿನ ಮುಖ್ಯಸ್ಥೆಗೇ ಆ ರೋಗ ಎಂದರೆ ಉಳಿದವರ ಗತಿ ಏನು ಎಂದು ಬಾಯಿ ಬಿಟ್ಟಿರಲಿಲ್ಲ. ಮೇಘಾ ಬೈಯಲಿಲ್ಲ. ಪಕ್ಕದಲ್ಲಿ ಕುಳಿತು, ಯಾರ ಹೆಸರನ್ನೂ ನಾವು ಹೊರಗೆ ಹೇಳುವುದಿಲ್ಲ, ಅದು ನಮ್ಮ ಕೆಲಸದ ಕಟ್ಟಳೆ ಎಂದು ಮಾತು ಕೊಟ್ಟಳು. ಅವ್ವ ಕಫ ಕೊಟ್ಟಳು. ಮರುದಿನ ಫಲಿತಾಂಶ ಬಂತು. ಕ್ಷಯವೇ.

ಅವ್ವನನ್ನು ರಾಣೆಬೆನ್ನೂರಿಗೆ ಕರೆತಂದು ದೊಡ್ಡ ಕಿಟಕಿ ಇರುವ ಕೋಣೆ ಬಿಟ್ಟುಕೊಟ್ಟೆವು. ಹೊಸರಿತ್ತಿಯಲ್ಲಿ ತಂಗಿಯ ಬಾಣಂತನ ಎಂದು ಗ್ಯಾಂಗಿಗೆ ಹೇಳಿ ಕಳಿಸಿದೆವು. ನನ್ನ ತಂಗಿ ಬಸುರಿಯೂ ಅಲ್ಲ, ಹೊಸರಿತ್ತಿಯಲ್ಲಿಯೂ ಇಲ್ಲ. ಗುಳಿಗೆ ಹಿಡಿಸಿತು, ಅವ್ವನಿಗೆ ಊಟ ಸೇರತೊಡಗಿತು.

ತೊಂದರೆ ಉಳಿದದ್ದು ಶೆಡ್ಡಿನಲ್ಲಿ. ಅವ್ವನ ಮಗ್ಗುಲಲ್ಲಿ ತಿಂಗಳುಗಟ್ಟಲೆ ಕುಳಿತವರನ್ನು ಪರೀಕ್ಷಿಸಲೇಬೇಕು. ಕ್ಷಯ ವಿಭಾಗದವರನ್ನು ಕರೆದುಕೊಂಡು ಮೇಘಾ ಮತ್ತೆ ಮತ್ತೆ ಹೋದಳು, ಕಫದ ಡಬ್ಬಿಗಳು ಖಾಲಿಯೇ ವಾಪಸು ಬಂದವು. ನಮಗೆ ಕೆಮ್ಮೇ ಇಲ್ಲ, ಯಾಕೆ ಕೊಡಬೇಕು ಎಂದು ಹೆಂಗಸರು. ಯಾಕೆಂದು ಹೇಳಲು ಮೇಘಾಳ ಬಾಯಿ ಕಟ್ಟಿತ್ತು. ಅವ್ವ ದಿನಾ ಸಂಜೆ ಕೇಳುತ್ತಿದ್ದಳು, ಉಚ್ಚಂಗೆವ್ವ ಕೊಟ್ಟಳೇನು ಎಂದು. ಉಚ್ಚಂಗೆವ್ವ ಶೆಡ್ಡಿನಲ್ಲಿ ಅವ್ವನ ಎಡಕ್ಕೆ ಕೂರುವವಳು, ಮೊಲೆ ಕುಡಿಯುವ ಕೂಸಿನ ತಾಯಿ. ಇಲ್ಲ ಎಂಬ ಉತ್ತರ ಕೇಳಿದ ದಿನ ಅವ್ವ ತಟ್ಟೆಯನ್ನು ಸರಿಸುತ್ತಿದ್ದಳು.

ಗುಳಿಗೆ ಶುರುವಾಗಿ ಎರಡು ವಾರ ದಾಟಿದ ಮೇಲೆ, ಇನ್ನು ಹೊರಗೆ ಓಡಾಡಬಹುದು ಎಂದು ದವಾಖಾನೆಯ ಡಾಕ್ಟರು ಹೇಳಿದ ದಿನವೇ, ಅವ್ವ ನನ್ನ ಬೈಕಿನ ಹಿಂದೆ ಹತ್ತಿ ಕುಳಿತಳು. ನಾವು ಬ್ಯಾಡಗಿ ಮುಟ್ಟಿದಾಗ ಮೇಘಾ ಶೆಡ್ಡಿನ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದಳು. ಅವ್ವ ಮಾಸ್ಕ್ ಹಾಕಿಕೊಂಡು ಅವಳ ಪಕ್ಕದಲ್ಲೇ ನಿಂತಳು. ಒಳಗೆ ಹೋಗಲಿಲ್ಲ.

"ಬಾಣಂತನ ಸುಳ್ಳು," ಎಂದಳು. "ನನಗ ಟಿಬಿ ಆಗೈತಿ. ನಿಮ್ಮ ನಡುವ ಕುಂತು ಕೆಮ್ಮೀನಿ, ಸೊಸಿ ಕೇಳಿದರ ಇಲ್ಲ ಅಂದೀನಿ. ಹೆಸರು ಹೋದರ ನಂದು ಹೋಗಲಿ. ನೀವು ನಿಮ್ಮ ಕೂಸುಗಳ ಮಾರಿ ನೋಡಿ ಹೇಳ್ರಿ, ಕಫ ಕೊಡ್ತೀರೋ ಇಲ್ಲೋ."

ಕೈಗಳೆಲ್ಲ ಮೆಣಸಿನಕಾಯಿಯ ಮೇಲೆ ನಿಂತುಹೋದವು. ತಕ್ಕಡಿಯ ಹತ್ತಿರ ಇದ್ದ ಮುಸ್ತಾಕ ಎಲ್ಲವನ್ನೂ ಕೇಳಿಸಿಕೊಂಡು ಹಿಂಬಾಗಿಲಿನಿಂದ ಹೊರಟುಹೋದ. ಉಚ್ಚಂಗೆವ್ವ ಎದ್ದು ಬಂದು ಡಬ್ಬಿ ತೆಗೆದುಕೊಂಡಳು. ಅವಳ ಹಿಂದೆ ಉಳಿದವರೂ ಬಂದರು. ಆದರೆ ಎಲ್ಲರ ಕಣ್ಣು ಆ ಹಿಂಬಾಗಿಲಿನ ಮೇಲೇ ಇತ್ತು.

ಉಚ್ಚಂಗೆವ್ವನಿಗೆ ಏನೂ ಇರಲಿಲ್ಲ. ಇನ್ನಿಬ್ಬರಿಗೆ ಇತ್ತು, ಬೇಗ ಸಿಕ್ಕಿತು, ಗುಳಿಗೆಗೆ ಬಗ್ಗುತ್ತದೆ ಎಂದಳು ಮೇಘಾ. ಅವಳಿಗೆ ಸಮಾಧಾನ, ಅವ್ವನಿಗೆ ಸಂಕಟ. ಗ್ಯಾಂಗಿನ ಅನ್ನಕ್ಕೆ ತಾನೇ ಕಲ್ಲು ಹಾಕಿದೆ ಎಂದು ರಾತ್ರಿಯೆಲ್ಲ ಹೊರಳಾಡಿದಳು. ಬೆಳಿಗ್ಗೆ ಮುಸ್ತಾಕನ ಫೋನು ಬಂತು. ಅವ್ವ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವವಳು, ನಾವು ಮೂವರೂ ಕೇಳಿದೆವು. ಅವನು ಬಾಯಿ ತೆರೆಯುವ ಮೊದಲೇ ಅವ್ವ ಕೇಳಿದಳು, ನನ್ನ ಹೆಣ್ಣಮಕ್ಕಳು ಕೆಲಸಕ್ಕೆ ಬರಬೇಕೋ ಬೇಡವೋ ಅಷ್ಟು ಹೇಳು ಎಂದು.

"ಬರ್ಲಿ, ಮೈಲಕ್ಕಾ," ಎಂದ ಮುಸ್ತಾಕ. ಆಮೇಲೆ ದನಿ ತಗ್ಗಿಸಿದ. "ನಿನ್ನ ಸೊಸಿನ್ನ ನಮ್ಮ ಮನಿಗೆ ಕಳಸ್ತೀ? ನಮ್ಮ ಅಮ್ಮಿ ಭಾಳ ದಿನದಿಂದ ಕೆಮ್ಮಾಕತ್ಯಾಳ. ಆಕಿ ಒಂದ ದಿನಾನೂ ಶೆಡ್ಡಿಗೆ ಬಂದಾಕಿ ಅಲ್ಲ, ಘಾಟು ಅನ್ನಾಕ."